ಆಟಿ ಮಳೆಯಲ್ಲಿ ಒಂದು ಶಿರಸ್ತ್ರಾಣಕ್ಕೆ ಬಣ್ಣ ಹಿಡಿಸಿದ್ದು

ಮೊನ್ನೆ ಆಗಸ್ಟ್ 28 ಗುರುವಾರ ರಾತ್ರಿ ನಾಟಕ ಮುಗೀತು, ಶಿರಸ್ತ್ರಾಣ ಈಗ ನನ್ನ ಅಂಗಡಿಯ ಕೌಂಟರ್ ಮೇಲೆ ಉಂಟು. ಮೊಬೈಲ್ ರಿಪೇರಿಗೆ ಬಂದವರೆಲ್ಲ ಒಂದ್ಸಲ ಎತ್ತಿ ನೋಡಿ "ಕಬ್ಬಿಣವಾ?" ಅಂತ ಕೇಳ್ತಾರೆ. ಕಬ್ಬಿಣ ಅಲ್ಲ, ಪ್ಲಾಸ್ಟಿಕ್. ಆದ್ರೆ ಅಷ್ಟು ಕೇಳುವ ಮಟ್ಟಕ್ಕೆ ತರ್ಲಿಕ್ಕೆ ಆರು ವಾರ ಹಿಡೀತು, ಅದರಲ್ಲಿ ನಾಲ್ಕು ವಾರ ನಾನೇ ಮಾಡಿದ ತಪ್ಪು ಸರಿ ಮಾಡ್ಲಿಕ್ಕೆ ಹೋಯ್ತು. ಇಂಥದ್ದು ಮಾಡುವವರು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಲ್ಲಿ ಇನ್ನೂ ಇರ್ಬಹುದು, ಅವರಿಗೆ ಉಪಯೋಗ ಆಗ್ಲಿ ಅಂತ ಡೈರಿಯಲ್ಲಿ ಗೀಚಿದ್ದನ್ನು ತಾರೀಕು ಸಮೇತ ಇಲ್ಲಿ ಹಾಕ್ತಾ ಇದ್ದೇನೆ.

ನಾಟಕ ನಮ್ಮ ಊರ ಗಣೇಶೋತ್ಸವದ್ದು, ಮಕ್ಕಳದ್ದು, ಕನ್ನಡದಲ್ಲಿ. ಇಕ್ಕೇರಿಯ ಶಿವಪ್ಪ ನಾಯಕ ಬೇಕಲದಲ್ಲಿ ಕೋಟೆ ಕಟ್ಟಿಸಿದ ಕತೆ, ಅಂದ್ರೆ 1650ರ ಹೊತ್ತಿನದ್ದು. ಈಗ ನಮ್ಮಲ್ಲಿ ಮಕ್ಕಳು ಮಲಯಾಳ ಮೀಡಿಯಂ, ಇಂಗ್ಲಿಷ್ ಮೀಡಿಯಂ ಅಂತ ಹಂಚಿ ಹೋಗಿದ್ದಾರೆ, ವರ್ಷಕ್ಕೆ ಒಂದ್ಸಲ ಈ ನಾಟಕದ ನೆಪದಲ್ಲಾದ್ರೂ ಎರಡು ಪುಟ ಕನ್ನಡ ಬಾಯಿಪಾಠ ಮಾಡ್ತಾರೆ, ಹಾಗಾಗಿ ಅವರ ತಲೆ ಮೇಲೆ ಇರುವ ಸಾಮಾನು ಚಂದ ಇರ್ಬೇಕು ಅಂತ ನನಗೆ ತುಂಬಾ ಆಸೆ. ಹೋದ ವರ್ಷ ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿ ಮಾಡಿದ್ದು ಮಳೆಯ ತಂಡಿಗೆ ಮೆತ್ತಗಾಗಿ ರಂಗದಲ್ಲೇ ಬಾಗಿ ಹೋಯ್ತು, ಹುಡುಗ ಒಂದು ಕೈಯಲ್ಲಿ ಕತ್ತಿ ಇನ್ನೊಂದು ಕೈಯಲ್ಲಿ ಟೊಪ್ಪಿ ಹಿಡ್ಕೊಂಡು ಮಾತು ಹೇಳಿದ. ಅದನ್ನು ನೋಡಿದ ಮೇಲೆ ಈ ಸಲ ಗಟ್ಟಿದ್ದು ಮಾಡುವಾ ಅಂತ ಹೊರಟದ್ದು.

ಜುಲೈ 13, ಆದಿತ್ಯವಾರ

ಅಕ್ಕನ ಮಗ ಮಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಾನೆ, ಅವನ ಗುರ್ತದವರ ಹತ್ರ ತ್ರೀಡಿ ಪ್ರಿಂಟರ್ ಉಂಟು. ಒಟ್ಟು 640 ಗ್ರಾಂ ಪಿಎಲ್‌ಎ ಪ್ಲಾಸ್ಟಿಕ್, ಗ್ರಾಮಿಗೆ 4 ರೂಪಾಯಿ ಹಾಗೆ 2,560 ಆಯ್ತು. ಮಿಷನ್ ಸಣ್ಣದು, ಹಾಗಾಗಿ ಬುರುಡೆ ನಾಲ್ಕು ತುಂಡು, ಮೂಗಿನ ಪಟ್ಟಿ ಬೇರೆ, ಮೇಲಿನ ಮೊನೆ ಬೇರೆ. ಬೇಗ ಆಗ್ಲಿ ಅಂತ 0.28 ಮಿಲಿಮೀಟರ್ ದಪ್ಪದ ಪದರದಲ್ಲಿ ಹಾಕ್ಲಿಕ್ಕೆ ಹೇಳಿದ್ದು ನಾನೇ. ಕೈಗೆ ಬಂದಾಗ ತೆಂಗಿನ ಮರದ ಕಾಂಡದಲ್ಲಿ ಬಳೆ ಬಳೆ ಇರ್ತದಲ್ಲ, ಹಾಗೆ ಗೆರೆ. 0.16ರಲ್ಲಿ ಹಾಕಿಸಿದ್ರೆ ಪ್ರಿಂಟಿಗೆ ಇನ್ನೊಂದು ದಿನ ಹೋಗ್ತಿತ್ತು, ನನಗೆ ಮೂರು ದಿನದ ಉಜ್ಜುವ ಕೆಲಸ ಉಳೀತಿತ್ತು.

ಮೊದಲು ಫೆವಿಕ್ವಿಕ್ ಬೊಟ್ಟು ಹಾಕಿ ತುಂಡುಗಳನ್ನು ನಿಲ್ಲಿಸಿ, ಒಳಗಿನಿಂದ ಅರಾಲ್ಡೈಟ್ ಹಚ್ಚಿ ಹಳೆ ಪಂಚೆಯ ಪಟ್ಟಿ ಅಂಟಿಸಿದೆ. ರಾತ್ರಿ ಇಡೀ ಬಿಟ್ಟೆ. ಇದೊಂದು ಕೆಲಸ ಮೊದಲ ಸಲಕ್ಕೇ ಸರಿ ಆಯ್ತು, ಇವತ್ತಿಗೂ ಜಾಯಿಂಟ್ ಬಿಟ್ಟಿಲ್ಲ.

ಮರುದಿನ ಅಂಗಡಿ ಮುಚ್ಚಿದ ಮೇಲೆ ಉಜ್ಜುವ ಕೆಲಸ. ಡ್ರಿಲ್ಲಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ನೋಡಿದೆ, ಎರಡು ನಿಮಿಷಕ್ಕೆ ಪ್ಲಾಸ್ಟಿಕ್ ಬಿಸಿಯಾಗಿ ಮೆತ್ತಗಾಗಿ ಪೇಪರಿಗೆ ಉಂಡೆ ಉಂಡೆ ಹಿಡೀತು. ಕೈಯಲ್ಲೇ ಮಾಡ್ಬೇಕು. 120 ನಂಬ್ರದ ಎಮರಿ ಪೇಪರನ್ನು ಸಣ್ಣ ಮರದ ತುಂಡಿಗೆ ಸುತ್ತಿ ಗೆರೆಗೆ ಅಡ್ಡವಾಗಿ ಉಜ್ಜಿದೆ, ಆಮೇಲೆ ಅದಕ್ಕಿಂತ ನಯದ 220. ಎರಡು ರಾತ್ರಿ, ಒಟ್ಟು ಐದು ಗಂಟೆ.

ಜುಲೈ 16, ಮೊದಲನೇ ಪ್ರೈಮರ್, ಮೊದಲನೇ ತಪ್ಪು

ಸಂಜೆ ಸೇನಾಪತಿ ಪಾರ್ಟಿನ ಹುಡುಗ ಬಂದ, ಏಳನೇ ಕ್ಲಾಸಿನವ. ತಲೆಗೆ ಸರಿ ಆಗ್ತದಾ ನೋಡುವಾ ಅಂತ ಇಟ್ಟು ನೋಡಿದ್ದು, ಅವ ಎರಡೂ ಕೈಯಲ್ಲಿ ಅಂಚು ಹಿಡಿದು ತೆಗೆದು ಕೊಟ್ಟ. ನಾನು ಒಣ ಬಟ್ಟೆಯಲ್ಲಿ ಧೂಳು ಒರೆಸಿ ಜಗಲಿಯಲ್ಲಿಟ್ಟು ಬೂದು ಬಣ್ಣದ ಸ್ಪ್ರೇ ಪ್ರೈಮರ್ (ಬಣ್ಣದ ಅಡಿಗೆ ಹಾಕುವ ಕೋಟ್) ಹೊಡೆದೆ, ಕ್ಯಾನಿಗೆ 320 ರೂಪಾಯಿದ್ದು.

ಹೊಡೆದು ಹತ್ತು ಸೆಕೆಂಡಲ್ಲಿ ಪ್ರೈಮರ್ ಅಲ್ಲಲ್ಲಿ ಹಿಂದೆ ಸರೀಲಿಕ್ಕೆ ಶುರು. ಹೆಸರುಕಾಳಿನಷ್ಟು ದೊಡ್ಡ ಗುಂಡಗಿನ ಗುಳಿ, ಗುಳಿಯ ಒಳಗೆ ಬಣ್ಣವೇ ನಿಲ್ಲುದಿಲ್ಲ, ಬಿಳಿ ಪ್ಲಾಸ್ಟಿಕ್ ಕಾಣ್ತದೆ. ಪೈಂಟಿನವರು ಇದಕ್ಕೆ ಫಿಶ್ ಐ ಅಂತಾರೆ, ಮೀನಿನ ಕಣ್ಣು. ನಾನು ಗುಳಿ ತುಂಬ್ತದೆ ಅಂತ ಮೇಲಿಂದ ಮೇಲೆ ಇನ್ನೂ ಎರಡು ಕೋಟ್ ದಪ್ಪ ಹೊಡೆದೆ. ತುಂಬ್ಲಿಲ್ಲ, ಸುತ್ತ ದಡ ಎದ್ದು ಗುಳಿ ಇನ್ನೂ ಆಳ ಆಯ್ತು, ಹೆಚ್ಚಾದ ಪ್ರೈಮರ್ ಮೂಗಿನ ಪಟ್ಟಿಯಲ್ಲಿ ಇಳಿದು ತುದಿಯಲ್ಲಿ ಹನಿ ಕಟ್ಟಿ ನಿಂತಿತು. ಎರಡು ಕ್ಯಾನ್ ಖಾಲಿ, 640 ರೂಪಾಯಿ.

ರಾತ್ರಿ ಟಾರ್ಚನ್ನು ಅಡ್ಡ ಹಿಡಿದು ನೋಡುವಾಗ ಗೊತ್ತಾಯ್ತು. ಗುಳಿಗಳು ಹೇಗೆ ಬೇಕಾದ ಹಾಗೆ ಇರ್ಲಿಲ್ಲ. ಎಡದ ಅಂಚಲ್ಲಿ ನಾಲ್ಕು ಸಾಲು, ಬಲದ ಅಂಚಲ್ಲಿ ನಾಲ್ಕು ಸಾಲು, ಒಳಬದಿಯಲ್ಲಿ ಒಂದೊಂದು ಹೆಬ್ಬೆಟ್ಟು. ಹುಡುಗ ಹಿಡಿದ ಬೆರಳುಗಳು! ತಲೆಗೆ ತೆಂಗಿನೆಣ್ಣೆ ಹಚ್ಚಿ ಬಾಚಿ ಬಂದಿದ್ದ, ಟೊಪ್ಪಿ ತೆಗೆಯುವಾಗ ಕೈಗೆ ಎಣ್ಣೆ, ಕೈಯಿಂದ ಪ್ಲಾಸ್ಟಿಕ್ಕಿಗೆ. ಅವನ ತಪ್ಪು ಏನೂ ಇಲ್ಲ, ನಮ್ಮ ಮನೆಗಳಲ್ಲಿ ಎಣ್ಣೆ ಇಲ್ಲದ ಕೈ ಯಾವುದು ಉಂಟು, ಒರೆಸದೆ ಹೊಡೆದದ್ದು ನಾನು. ಅಂಗಡಿಯಲ್ಲಿ ಫೋನಿನ ಬೋರ್ಡಿಗೆ ಸಾಲ್ಡರ್ ಹಾಕುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸದೆ ನಾನು ಯಾವತ್ತೂ ಕೆಲಸ ಮಾಡುದಿಲ್ಲ, ಅದೇ ಬಾಟ್ಲಿ ಎರಡು ಅಡಿ ದೂರದಲ್ಲಿತ್ತು.

ಜುಲೈ 18ರಿಂದ 20

ಎಲ್ಲ ಪ್ರೈಮರ್ ಉಜ್ಜಿ ತೆಗೆದೆ. ಪೂರ್ತಿ ಪ್ಲಾಸ್ಟಿಕ್ ಕಾಣುವವರೆಗೆ ಬೇಕಾದ್ದು ಗುಳಿ ಇದ್ದ ಜಾಗದಲ್ಲಿ ಮಾತ್ರ, ಬೇರೆ ಕಡೆ ಸಪಾಟು ಆದ್ರೆ ಸಾಕು. ಒಂದು ವಿಷಯ ಗಮನಿಸಿ, ಎಣ್ಣೆ ಇರುವಾಗಲೇ ಉಜ್ಜಿದ್ರೆ ಎಮರಿ ಪೇಪರು ಎಣ್ಣೆಯನ್ನು ಇಡೀ ಹೆಲ್ಮೆಟಿಗೆ ಹರಡ್ತದೆ. ಮೊದಲು ತೊಳೀಬೇಕು, ಆಮೇಲೆ ಉಜ್ಜಬೇಕು, ಪುನಃ ತೊಳೀಬೇಕು. ಪಾತ್ರೆ ತೊಳೆಯುವ ಸೋಪು ಹಾಕಿ ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ನೀರಲ್ಲಿ ತೊಳೆದು, ಫ್ಯಾನಿನ ಅಡಿ ಒಂದು ದಿನ ಇಟ್ಟು, ಕೊನೆಗೆ ಐಸೋಪ್ರೊಪೈಲ್ ಒರೆಸಿದೆ. ಒರೆಸುವ ಬಟ್ಟೆ ಹೊಸದಿರಲಿ. ಮನೆಯಲ್ಲಿ ಒಗೆದ ಬಟ್ಟೆಯಲ್ಲಿ ಕಂಫರ್ಟಿನ ಅಂಶ ಇರ್ತದೆ, ಅದೂ ಗುಳಿ ಬೀಳಿಸ್ತದೆ ಅಂತ ಆಮೇಲೆ ಪೈಂಟರ್ ಇಕ್ಕ (ಮಲಯಾಳದಲ್ಲಿ ಅಣ್ಣ, ಅವರ ವಿಷಯ ಮುಂದೆ ಬರ್ತದೆ) ಹೇಳಿದ್ರು.

ಅಲ್ಲಿಂದ ಮುಂದೆ ಕೈಯಲ್ಲಿ ಮುಟ್ಟುದು ಬಂದ್. ಒಂದು ಪ್ಲಾಸ್ಟಿಕ್ ಕೊಡಪಾನವನ್ನು ತಿರುಗುವ ಸ್ಟೂಲಿನ ಮೇಲೆ ಕವುಚಿ ಕಟ್ಟಿ ಅದರ ಮೇಲೆ ಹೆಲ್ಮೆಟ್ ಕೂರಿಸಿದೆ, ಸ್ಟೂಲ್ ತಿರುಗಿಸಿದ್ರೆ ಸಾಕು.

ಈ ಸಲ ಪ್ರೈಮರ್ ಹೊಡೆದದ್ದು ಹೀಗೆ: ಕ್ಯಾನನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರ ಅಂದ್ರೆ 25 ಸೆಂಟಿಮೀಟರ್, ಹೆಲ್ಮೆಟಿನ ಹೊರಗೆ ಗಾಳಿಯಲ್ಲಿ ಒತ್ತಲು ಶುರು ಮಾಡಿ ಆಚೆ ಬದಿ ದಾಟಿದ ಮೇಲೆ ಬಿಡುದು. ಮೊದಲನೇ ಕೋಟ್ ಮಂಜು ಬಿದ್ದಷ್ಟೇ, ಅಡಿಯ ಬಿಳಿ ಕಾಣ್ಬೇಕು. ಹದಿನೈದು ನಿಮಿಷ ಬಿಟ್ಟು ಎರಡನೇದು, ಪುನಃ ಹದಿನೈದು ನಿಮಿಷ ಬಿಟ್ಟು ಮೂರನೇದು. ಒಂದೇ ಒಂದು ಗುಳಿ ಬೀಳ್ಲಿಲ್ಲ.

ಜುಲೈ 20ರಿಂದ ಆಗಸ್ಟ್ 2, ಪುಟ್ಟಿ

ಪ್ರೈಮರ್ ಸರಿ ಬಂದ ಖುಷಿಯಲ್ಲಿ ಜಾಯಿಂಟಿನ ಸಂದು ತುಂಬ್ಲಿಕ್ಕೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ತಂದೆ, 150 ರೂಪಾಯಿ. ಸಂದು ಕೆಲವು ಕಡೆ ಎರಡು ಮಿಲಿಮೀಟರ್ ಆಳ. ಒಂದೇ ಸಲಕ್ಕೆ ಒತ್ತಿ ತುಂಬಿ, ಮರುದಿನ ಮುಟ್ಟಿದ್ರೆ ಗಟ್ಟಿ, ಉಜ್ಜಿದೆ, ಕಣ್ಣು ಮುಚ್ಚಿ ಬೆರಳು ಆಡಿಸಿದ್ರೆ ಸಂದು ಎಲ್ಲಿ ಅಂತ ಗೊತ್ತೇ ಆಗುದಿಲ್ಲ. ತುಂಬಾ ಸಮಾಧಾನ ಆಯ್ತು.

ನಾಲ್ಕನೇ ದಿನ ನೋಡಿದ್ರೆ ನೆತ್ತಿಯಿಂದ ಹಿಂದಲೆವರೆಗೆ ಒಂದು ತಗ್ಗಿನ ಗೆರೆ, ಎರಡು ಕಡೆ ಕೂದಲಿನಷ್ಟು ಸಪೂರ ಬಿರುಕು. ಉಗುರು ಒತ್ತಿದ್ರೆ ಒಳಗೆ ಇನ್ನೂ ಮೆತ್ತಗೆ. ಎನ್‌ಸಿ ಪುಟ್ಟಿ ಒಣಗುದು ಅದರಲ್ಲಿರುವ ಥಿನ್ನರ್ ಹಾರಿ, ಮೇಲೆ ಚರ್ಮ ಕಟ್ಟಿದ್ರೆ ಒಳಗಿನದ್ದು ನಿಧಾನ ಹಾರ್ತಾ ಹಾರ್ತಾ ಕುಗ್ಗಿ ಕೆಳಗೆ ಎಳೀತದೆ, ಅದೂ ಈ ತಂಡಿಯಲ್ಲಿ ಇನ್ನೂ ನಿಧಾನ. ಅದು ಸೂಜಿ ತೂತಿಗೆ, ಗೀರಿಗೆ ಮಾತ್ರ ಇರುವ ಸಾಮಾನು.

ಹಳೆ ಬ್ಲೇಡಲ್ಲಿ ಕೆತ್ತಿ ಅಷ್ಟೂ ತೆಗೆದು, ಕಾರಿನ ವರ್ಕ್‌ಶಾಪಿನವರು ಹಾಕುವ ಎರಡು ಭಾಗದ ಬಾಡಿ ಪುಟ್ಟಿ ತಂದೆ, ಗಟ್ಟಿ ಮಾಡುವ ಹಾರ್ಡನರ್ ಟ್ಯೂಬ್ ಜೊತೆಗೆ 240. ನಿಂಬೆಹುಳಿ ಗಾತ್ರದ ಪುಟ್ಟಿಗೆ ಬಟಾಣಿಯಷ್ಟು ಹಾರ್ಡನರ್. ಕಲಸಿ ನಾಲ್ಕೈದು ನಿಮಿಷದಲ್ಲಿ ಹಚ್ಚಿ ಮುಗಿಸ್ಬೇಕು, ಆಮೇಲೆ ಮೊಸರು ಒಡೆದ ಹಾಗೆ ಗಂಟು ಗಂಟು ಆಗ್ತದೆ, ಅದನ್ನು ಮತ್ತೂ ಎಳೀಲಿಕ್ಕೆ ಹೋಗ್ಬೇಡಿ. ಬೇಗ ಆಗ್ಲಿ ಅಂತ ಹಾರ್ಡನರ್ ಹೆಚ್ಚು ಹಾಕ್ಲೂ ಬಾರದು. ಅರ್ಧ ಗಂಟೆಯಲ್ಲಿ ಉಜ್ಜಲಿಕ್ಕೆ ಸಿಕ್ತದೆ, ಕುಗ್ಗುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಂತರ ಉಳಿದ ಸಣ್ಣ ತೂತಿಗೆ ಮಾತ್ರ ಎನ್‌ಸಿ ಪುಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಎಳೆದೆ.

ಮೂರನೇ ಕ್ಯಾನಿನ ಪ್ರೈಮರ್ ಪುನಃ ಹೊಡೆದ ಮೇಲೆ ಮಾಡಿದ ಒಂದು ಕೆಲಸ ಹೇಳ್ಬೇಕು. ಮಕ್ಕಳ ಪೆನ್ಸಿಲ್ ತಗೊಂಡು ಇಡೀ ಹೆಲ್ಮೆಟಿಗೆ ಅಡ್ಡಾದಿಡ್ಡಿ ಗೀಚಿದೆ, ಆಮೇಲೆ 400 ನಂಬ್ರದ ವಾಟರ್ ಪೇಪರಲ್ಲಿ ನೀರು ಹಾಕಿ ಉಜ್ಜಿದೆ. ಪೆನ್ಸಿಲ್ ಗೆರೆ ಹೋದ ಜಾಗ ಸಪಾಟು, ಉಳಿದ ಜಾಗ ತಗ್ಗು. ಟಾರ್ಚ್ ಹಿಡಿದು ಹುಡುಕುವ ಕೆಲಸವೇ ಇಲ್ಲ. ಎಲ್ಲ ಗೆರೆ ಹೋಗುವವರೆಗೆ ಉಜ್ಜಿ, ಕೊನೆಗೆ 600. ಆಗಸ್ಟ್ 2ಕ್ಕೆ ಕೈಯಲ್ಲಿ ಸವರಿದ್ರೆ ಕೋಳಿಮೊಟ್ಟೆ ಮುಟ್ಟಿದ ಹಾಗೆ ಇತ್ತು.

ಆಗಸ್ಟ್ 3 ಮತ್ತು 5, ಎಲ್ಲಕ್ಕಿಂತ ದೊಡ್ಡ ನಷ್ಟ

ನನ್ನ ಯೋಚನೆ ಏನಂದ್ರೆ ಅಡಿಗೆ ಹೊಳಪಿನ ಕಪ್ಪು, ಮೇಲೆ ಸಿಲ್ವರ್ ಸ್ಪ್ರೇ. ಪೇಟೆಯಲ್ಲಿ ಆ ದಿನ ಕಪ್ಪು ಸ್ಪ್ರೇ ಸಿಗ್ಲಿಲ್ಲ, ಮನೆಯಲ್ಲಿ ಗೇಟಿಗೆ ಹೊಡೆದು ಉಳಿದ ಕಪ್ಪು ಎನಾಮೆಲ್ (ಎಣ್ಣೆ ಬಣ್ಣ) ಇತ್ತು, ಅದನ್ನೇ ಬ್ರಷ್‌ನಲ್ಲಿ ಹೊಡೆದೆ. ಚಂದ ಹರಡಿತು. ಎರಡು ದಿನ ಬಿಟ್ಟು ಮಂಗಳವಾರ ಸಂಜೆ ಮುಟ್ಟಿದ್ರೆ ಅಂಟುದಿಲ್ಲ, ಒಣಗಿದೆ ಅಂತ ಸಿಲ್ವರ್ ಸ್ಪ್ರೇ ಹೊಡೆದೆ.

ಮೊದಲ ಒಂದು ನಿಮಿಷ ಅಷ್ಟು ಚಂದ ಕಂಡಿತು ಅಂದ್ರೆ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬಂದು ನಿಲ್ಲುವಷ್ಟರಲ್ಲಿ ನೆತ್ತಿಯ ಹತ್ರ ಬಣ್ಣ ಅಲುಗಿದ ಹಾಗೆ ಆಯ್ತು. ಕಾಯಿಸಿದ ಹಾಲು ಆರುವಾಗ ಕೆನೆಯನ್ನು ಬಾಯಿಂದ ಊದಿದ್ರೆ ಒಂದು ಬದಿಗೆ ಸರಿದು ನೆರಿಗೆ ಕಟ್ತದಲ್ಲ, ಸರಿ ಹಾಗೆಯೇ, ನಮ್ಮ ಕಣ್ಣೆದುರೇ ನೆತ್ತಿಯಿಂದ ಕಿವಿಯವರೆಗೆ ನೆರಿಗೆ ಹಿಡೀತಾ ಇಳೀತು. ಐದು ನಿಮಿಷದಲ್ಲಿ ಇಡೀ ಹೆಲ್ಮೆಟ್ ಮುದುಕರ ಕೈಯ ಚರ್ಮದ ಹಾಗೆ. ನಾನು ಕ್ಯಾನ್ ಕೆಳಗಿಟ್ಟು ಒಳಗೆ ಹೋಗಿ ಕೂತೆ, ಆ ರಾತ್ರಿ ಪುನಃ ಜಗಲಿಗೆ ಬರ್ಲಿಲ್ಲ.

ಮರುದಿನ ಹೆಲ್ಮೆಟನ್ನು ಚೀಲಕ್ಕೆ ಹಾಕಿ ಸೀತಾಂಗೋಳಿ ಕಡೆ ಒಂದು ವರ್ಕ್‌ಶಾಪಿಗೆ ತಗೊಂಡು ಹೋದೆ. ಅಲ್ಲಿ ಇಕ್ಕ ಒಬ್ಬರು ಸುಮಾರು ವರ್ಷದಿಂದ ಕಾರಿಗೆ ಪೈಂಟ್ ಮಾಡ್ತಾರೆ. ಚೀಲದಿಂದ ಪೂರ್ತಿ ತೆಗೆಯುವ ಮೊದಲೇ "ಎನಾಮೆಲ್ ಮೇಲೆ ಎನ್‌ಸಿ ಹೊಡೆದ್ರಾ" ಅಂತ ಕೇಳಿದ್ರು. ಅವರು ಹೇಳಿದ್ದು ಇಷ್ಟು: ಎನಾಮೆಲ್ ಮೇಲೆ ಮುಟ್ಟಿದ್ರೆ ಅಂಟದಿದ್ರೂ ಒಳಗೆ ಒಣಗ್ಲಿಕ್ಕೆ ವಾರಗಟ್ಟಲೆ ಬೇಕು, ಎನ್‌ಸಿ ಸ್ಪ್ರೇ ಕ್ಯಾನಿನ ಖಾರದ ಥಿನ್ನರ್ ಒಳಗೆ ಇಳಿದ್ರೆ ಎನಾಮೆಲ್ ಉಬ್ಬಿ ಎದ್ದು ಬರ್ತದೆ. ಎನ್‌ಸಿ ಮೇಲೆ ಎನಾಮೆಲ್ ಆಗ್ತದೆ, ಎನಾಮೆಲ್ ಮೇಲೆ ಎನ್‌ಸಿ ಆಗುದಿಲ್ಲ. ಪ್ರೈಮರಿನಿಂದ ಕೊನೆಗೆ ಹೊಡೆಯುವ ಬಣ್ಣ ಇಲ್ಲದ ಕ್ಲಿಯರ್‌ವರೆಗೆ ಒಂದೇ ಜಾತಿಯ ಬಣ್ಣ ಹಿಡ್ಕೊಳ್ಳಿ, ಯಾವುದೇ ಹೊಸ ಕ್ಯಾನ್ ತಂದ್ರೆ ಮೊದಲು ಬೇರೆ ಯಾವುದಾದ್ರೂ ಪ್ಲಾಸ್ಟಿಕ್ಕಿಗೆ ಅದೇ ಕ್ರಮದಲ್ಲಿ ಹೊಡೆದು ಒಂದು ದಿನ ಕಾಯಿರಿ. ಚಾಯ ಕುಡಿಸಿ ಕಳಿಸಿದ್ರು, ದುಡ್ಡು ಕೊಡ್ಲಿಕ್ಕೆ ಹೋದ್ರೆ ತಗೊಳ್ಳಲಿಲ್ಲ.

ಬರುವಾಗ 20 ರೂಪಾಯಿಯ ಪ್ಲಾಸ್ಟಿಕ್ ಚಮಚದ ಪ್ಯಾಕೆಟ್ ತಂದೆ. ಇಡೀ ಕೆಲಸದಲ್ಲಿ ನಾನು ಖರ್ಚು ಮಾಡಿದ ಅತಿ ಒಳ್ಳೆ 20 ರೂಪಾಯಿ ಅದು. ಚಮಚದ ಬೆನ್ನು ಹೆಲ್ಮೆಟಿನ ಹಾಗೆಯೇ ಉಬ್ಬು, ಯಾವ ಬಣ್ಣ ಹೇಗೆ ಕೂರ್ತದೆ ಅಂತ ಅದರಲ್ಲೇ ಗೊತ್ತಾಗ್ತದೆ.

ಆಗಸ್ಟ್ 6ರಿಂದ 12, ಕೀಳುವ ಕೆಲಸ, ನಡುವೆ ಸೋಲಾರ್

ನೆರಿಗೆ ಬಿದ್ದ ಬಣ್ಣವನ್ನು ಥಿನ್ನರ್ ಹಾಕಿ ತೆಗೀಬಹುದಿತ್ತು, ಆದ್ರೆ ಥಿನ್ನರ್ ಅಡಿಯ ಪ್ರೈಮರ್, ಪುಟ್ಟಿ ಎಲ್ಲ ಕರಗಿಸಿ ಹಾಕ್ತದೆ, ಪ್ಲಾಸ್ಟಿಕ್ಕಿಗೂ ಒಳ್ಳೇದಲ್ಲ ಅಂತ ಇಕ್ಕ ಹೇಳಿದ್ರಿಂದ ಉಜ್ಜಿಯೇ ತೆಗೀಬೇಕು. ಉಜ್ಜಿದ್ರೆ ಎನಾಮೆಲ್ ಇನ್ನೂ ಮೆತ್ತಗೆ, ರಬ್ಬರಿನ ಹಾಗೆ ಸುರುಳಿ ಸುರುಳಿ ಆಗಿ ಪೇಪರಿಗೆ ಹಿಡೀತದೆ. ನಾಲ್ಕು ಪೇಪರ್ ಹಾಳು. ಇದು ಗಟ್ಟಿ ಆಗ್ಬೇಕು, ಗಟ್ಟಿ ಆಗ್ಲಿಕ್ಕೆ ಬಿಸಿ ಬೇಕು.

ಅಂಗಡಿಯ ಹಾಟ್ ಏರ್ ಗನ್ ಹಿಡೀಬಾರದು ಅಂತ ನನಗೆ ಗೊತ್ತಿತ್ತು, ಪಿಎಲ್‌ಎ 60 ಡಿಗ್ರಿ ಹತ್ರ ಬಂದ್ರೆ ಮೆತ್ತಗಾಗ್ತದೆ. ಆಗ ತಲೆಗೆ ಬಂದದ್ದು ಮಾವನ ಮನೆಯ ಅಡಿಕೆ ಒಣಗಿಸುವ ಸೋಲಾರ್, ಆ ಪ್ಲಾಸ್ಟಿಕ್ ಹಾಳೆಯ ಮಾಡು. ಹೊರಗೆ ಮಳೆ ಬಂದ್ರೂ ಒಳಗೆ ಬೆಚ್ಚಗೆ, ಗಾಳಿಯ ತಂಡಿ ಇಲ್ಲ. ಆದಿತ್ಯವಾರ ಆಗಸ್ಟ್ 10, ಬೆಳಿಗ್ಗೆ ಜಿರಿಜಿರಿ ಮಳೆ, ಹೆಲ್ಮೆಟನ್ನು ಸೋಲಾರಿನ ಒಳಗೆ ಅಟ್ಟೆಯ ಮೇಲೆ ಇಟ್ಟು ಬಂದೆ. ಹನ್ನೊಂದು ಗಂಟೆಗೆ ಮಳೆ ನಿಂತು ಆಟಿಯ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಬಿಸಿಲು ಬಂತು. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೀತದೆ ಅಂತ ನಮ್ಮಲ್ಲಿ ಹಿರಿಯರು ಹೇಳುದು ಉಂಟು. ನಾನು ಊಟ ಮುಗಿಸಿ ಎರಡು ಗಂಟೆಗೆ ಹೋಗಿ ನೋಡುವಾಗ ಮೂಗಿನ ಪಟ್ಟಿ ಒಳಗೆ ಬಾಗಿ, ಎಡದ ಅಂಚು ಅಟ್ಟೆಯ ಸಲಾಕೆಗೆ ಒತ್ತಿ ಅಲೆ ಅಲೆ ಆಗಿತ್ತು. ಥರ್ಮಾಮೀಟರ್ ತಂದು ಅಲ್ಲೇ ಇಟ್ಟು ನೋಡಿದೆ, 58 ಡಿಗ್ರಿ.

ನೇರ ಮಾಡಿದ್ದು ಹೀಗೆ. ದಪ್ಪ ಬೈರಾಸವನ್ನು (ಟವೆಲ್) ಬಿಸಿ ನೀರಲ್ಲಿ ಅದ್ದಿ, ನೀರು ಸುಮಾರು 70 ಡಿಗ್ರಿ, ಬಾಗಿದ ಜಾಗಕ್ಕೆ ಮಾತ್ರ ಸುತ್ತಿ ಒಂದು ನಿಮಿಷ ಹಿಡಿದೆ. ಮೆತ್ತಗಾದ ಕೂಡ್ಲೆ ಬೈರಾಸ ತೆಗೆದು ಎರಡು ಮರದ ಪಟ್ಟಿಯ ನಡುವೆ ಇಟ್ಟು ಕ್ಲಿಪ್ ಹಾಕಿ ತಣ್ಣೀರು ಹೊಯ್ದೆ. ಮೂಗಿನ ಪಟ್ಟಿ ಸರಿ ಬಂತು. ಅಂಚು ಮೂರನೇ ಸಲಕ್ಕೆ ಬಂತು, ಪೂರ್ತಿ ಅಲ್ಲ, ಹತ್ತಿರದಿಂದ ನೋಡಿದ್ರೆ ಈಗಲೂ ಒಂದು ಸಣ್ಣ ಅಲೆ ಉಂಟು. ಅಲ್ಲಿ ಬಾಡಿ ಪುಟ್ಟಿ ಬಿರುಕು ಬಿಟ್ಟಿತು, ಪುನಃ ತುಂಬಿದೆ.

ಬಿಸಿಲಿನಿಂದ ಆದ ಒಂದೇ ಒಂದು ಉಪಕಾರ, ಎನಾಮೆಲ್ ಗಟ್ಟಿ ಆಯ್ತು. 120ರಲ್ಲಿ ಪುಡಿ ಪುಡಿಯಾಗಿ ಬಂತು. ಮೂರು ರಾತ್ರಿಯಲ್ಲಿ ಕಿತ್ತು, ಉಳಿದ ಪ್ರೈಮರನ್ನು ಮುಗಿಸಿ 400, 600 ಮಾಡಿದೆ.

ಈ ಹೊತ್ತಿಗೆ ಯಕ್ಷಗಾನದ ವೇಷಭೂಷಣ ಮಾಡುವ ನಮ್ಮ ಭಾವ ಒಬ್ಬರು ಬಂದು ನೋಡಿ, ಬಣ್ಣ ಹಿಡೀದಿದ್ರೆ ಕಿರೀಟಕ್ಕೆ ಅಂಟಿಸುವ ಹಾಗೆ ಬೇಗಡೆ ಅಂಟಿಸಿಬಿಡುವಾ, ಅರ್ಧ ದಿನದ ಕೆಲಸ ಅಂದ್ರು. ರಂಗಸ್ಥಳದ ಬೆಳಕಿಗೆ ಬೇಗಡೆಯಷ್ಟು ಚಂದ ಯಾವ ಬಣ್ಣವೂ ಹೊಳೆಯುದಿಲ್ಲ, ಅದು ನಿಜ. ಆದ್ರೆ ಅದು ದೇವತೆಗಳ, ಅರಸರ ಹೊಳಪು. ಕೋಟೆ ಕಾಯುವವನ ತಲೆಯಲ್ಲಿ ಮಸುಕು ಕಬ್ಬಿಣ ಇರ್ಬೇಕು ಅಂತ ನಾನು ಒಪ್ಪಲಿಲ್ಲ.

ಆಗಸ್ಟ್ 15

ರಜೆ. ಕಾಸರಗೋಡಿಂದ ತರಿಸಿದ ಹೊಳಪಿನ ಕಪ್ಪು ಸ್ಪ್ರೇ, 280. ಚಮಚದಲ್ಲಿ ಹಿಂದಿನ ದಿನ ನೋಡಿದ್ದೆ, ಪ್ರೈಮರ್ ಮೇಲೆ ಸರಿ ಕೂತಿತ್ತು. ಹೆಲ್ಮೆಟಿಗೆ ಹೊಡೆದು ಅರ್ಧ ಗಂಟೆಯಲ್ಲಿ ಕಪ್ಪಿನ ಮೇಲೆ ಬಿಳಿ ಹಬೆ ಕೂತ ಹಾಗೆ, ಹಾಲು ಬೆರೆಸಿದ ಹಾಗೆ ಆಯ್ತು. ಚಮಚಕ್ಕೆ ಹೊಡೆದದ್ದು ಅಂಗಡಿಯ ಒಳಗೆ, ಹೆಲ್ಮೆಟಿಗೆ ಹೊಡೆದದ್ದು ಮಳೆ ಸುರಿಯುವಾಗ ಜಗಲಿಯಲ್ಲಿ. ಥಿನ್ನರ್ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಬಣ್ಣಕ್ಕೆ ಹಿಡೀತದೆ. ಇದಕ್ಕೆ ಗಾಬರಿ ಬೇಡ, ಕೀಳುದು ಬೇಡ, ಒಣಗಿದ ಮೇಲೆ 600ರಲ್ಲಿ ಹಗುರ ಉಜ್ಜಿ ಒಣ ಹವೆಯಲ್ಲಿ ಪುನಃ ಹೊಡೆದ್ರೆ ಆಯ್ತು.

ಆನ್‌ಲೈನಲ್ಲಿ ತರಿಸಿದ ತೇವ ಅಳೆಯುವ ಮೀಟರ್ ಮರುದಿನ ಬಂತು, 350 ರೂಪಾಯಿ. ಜಗಲಿಯಲ್ಲಿ ಶೇಕಡಾ 93 ತೋರಿಸಿತು. ಮನೆಯ ಒಳಗಿನ ಕೋಣೆಯಲ್ಲಿ 84. ನಾನು ಒಂದು ತಿಂಗಳಿಂದ ಇಂಥ ಗಾಳಿಯಲ್ಲಿ ಬಣ್ಣ ಹೊಡೀತಾ ಇದ್ದೆ. ಜೂನ್‌ನಲ್ಲೇ ಈ ಮೀಟರ್ ತರ್ಬೇಕಿತ್ತು.

ಆಗಸ್ಟ್ 17, ಸೋಣ ಸಂಕ್ರಮಣ

ಆಟಿ ಮುಗಿದು ಸೋಣ ತಿಂಗಳು ಶುರು, ಬೆಳಿಗ್ಗೆಯಿಂದ ಮೋಡ ಇಲ್ಲ. ಹತ್ತೂವರೆಗೆ ಮೀಟರ್ 71. ಅಮ್ಮ ಹೊಸ್ತಿಲಿಗೆ ಹೂ ಇಡ್ತಾ ಇದ್ರು, ನಾನು ಅಂಗಳದಲ್ಲಿ ಸ್ಟೂಲ್ ಇಟ್ಟೆ. ಹೊಳಪಿನ ಕಪ್ಪು ಬಿಟ್ಟು ಈ ಸಲ ಅರೆಹೊಳಪಿನದ್ದು, 310, ಯಾಕೆ ಅಂತ ಮುಂದೆ ಹೇಳ್ತೇನೆ. ಕ್ಯಾನನ್ನು ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಲ್ಲಿ ಇಟ್ಟಿದ್ದೆ, ಕೈ ಇಟ್ರೆ ಹಿತ ಆಗುವಷ್ಟೇ ಬಿಸಿ, ಅದಕ್ಕಿಂತ ಹೆಚ್ಚು ಬಿಸಿ ಮಾಡಿದ್ರೆ ಕ್ಯಾನ್ ಒಡೀಬಹುದು, ಬೆಂಕಿಯ ಹತ್ರ ಅಂತೂ ಬೇಡವೇ ಬೇಡ. ನಾಲ್ಕು ತೆಳು ಕೋಟ್. ಗುಳಿ ಇಲ್ಲ, ನೆರಿಗೆ ಇಲ್ಲ, ಹಾಲು ಇಲ್ಲ. ಮಾಸ್ಕ್ ಬಗ್ಗೆ ಒಂದು ಮಾತು, ಮೊದಲ ಎರಡು ವಾರ ಬಟ್ಟೆ ಕಟ್ಟಿ ಹೊಡೆದು ರಾತ್ರಿ ತಲೆನೋವು ಬರ್ತಿತ್ತು, ಆಮೇಲೆ 550 ಕೊಟ್ಟು ಕಾರ್ಟ್ರಿಡ್ಜ್ ಇರುವ ಮಾಸ್ಕ್ ತಂದೆ, ನೋವು ನಿಂತಿತು. ಬಟ್ಟೆ, ಕೊರೊನಾ ಮಾಸ್ಕ್ ಇದಕ್ಕೆ ಏನೂ ಪ್ರಯೋಜನ ಇಲ್ಲ.

ಆಗಸ್ಟ್ 19ರಿಂದ 24, ಕಬ್ಬಿಣ ಆದದ್ದು

ಸಿಲ್ವರ್ ಯಾಕೆ ಬಿಟ್ಟೆ ಅಂದ್ರೆ ಚಮಚ. ಕಪ್ಪು ಚಮಚಕ್ಕೆ ಸಿಲ್ವರ್ ಹೊಡೆದಾಗ ಕನ್ನಡಿಯ ಹಾಗೆ ಇತ್ತು, ಆದ್ರೆ ಮುಟ್ಟಿದ್ರೆ ಬೆರಳಿಗೆ ಹಿಡೀತದೆ, ಹಿಡೀಬಾರದು ಅಂತ ಕ್ಲಿಯರ್ ಹೊಡೆದ್ರೆ ಬೂದಿಯ ಬಣ್ಣ. ಮೂರು ಚಮಚದಲ್ಲೂ ಹಾಗೆಯೇ. ಅವನ್ನು ತೆಗೆದು ಬದಿಗಿಡುವಾಗ ನನ್ನ ಹೆಬ್ಬೆರಳಲ್ಲಿ ಪೆನ್ಸಿಲ್ ಪುಡಿ ಇತ್ತು, ಒಂದು ಕಪ್ಪು ಚಮಚಕ್ಕೆ ಉಜ್ಜಿ ಹೋಯ್ತು, ಅಷ್ಟು ಜಾಗ ಎಣ್ಣೆ ಹಾಕಿ ಒರೆಸಿದ ಕತ್ತಿಯ ಅಲಗಿನ ಹಾಗೆ ಹೊಳೀತು. ಸಿಲ್ವರಿನ ಬಿಳಿ ಹೊಳಪಲ್ಲ, ಕಪ್ಪು ಹೊಳಪು, ಚಮಚ ತಿರುಗಿಸಿದ ಹಾಗೆ ಹೊಳಪೂ ತಿರುಗುವಂಥದ್ದು. ನಾನು ಅದನ್ನು ಕಿಟಕಿಯ ಹತ್ರ ತಗೊಂಡು ಹೋಗಿ ಸುಮಾರು ಹೊತ್ತು ತಿರುಗಿಸಿ ನೋಡಿದೆ.

ಸ್ಟೇಷನರಿಯಿಂದ 6ಬಿ, 8ಬಿ ಪೆನ್ಸಿಲ್ ನಾಲ್ಕು, 60 ರೂಪಾಯಿ. ಒಳಗಿನ ಗ್ರಾಫೈಟ್ ಕಡ್ಡಿಯನ್ನು 220 ಪೇಪರಿಗೆ ಉಜ್ಜಿ ಪುಡಿ ಮಾಡಿ, ಹಳೆ ಬನಿಯನ್ ತುಂಡಿನಲ್ಲಿ ಸಣ್ಣ ಸಣ್ಣ ಸುತ್ತು ಹಾಕ್ತಾ ತಿಕ್ಕಿದೆ. ಹೊಳಪಿನ ಕಪ್ಪಿಗೆ ಪುಡಿ ಹಿಡಿಯುದಿಲ್ಲ, ಜಾರ್ತದೆ, ಅರೆಹೊಳಪಿನದ್ದರಲ್ಲಿ ಹಿಡೀತದೆ, ಅದಕ್ಕೇ ಕ್ಯಾನ್ ಬದಲಿಸಿದ್ದು. ಉಬ್ಬಿದ ಜಾಗದಲ್ಲಿ ಹೆಚ್ಚು ತಿಕ್ಕಿ, ತಗ್ಗಿನಲ್ಲಿ ಕಪ್ಪು ಹಾಗೆಯೇ ಬಿಟ್ಟೆ. ಎಡದ ಅಂಚಿನ ಆ ಅಲೆ ಈಗ ಸುತ್ತಿಗೆ ಪೆಟ್ಟು ಬಿದ್ದ ಕಬ್ಬಿಣದ ಹಾಗೆ ಕಾಣ್ತದೆ. ಎರಡು ಗಂಟೆಯ ಕೆಲಸ, ಮಳೆ ಬಂದ್ರೂ ಮಾಡ್ಬಹುದು, ವಾಸನೆ ಇಲ್ಲ.

ಅಂಚಿನ ಪಟ್ಟಿ ಮತ್ತು ಮೊನೆಗೆ ಹಿತ್ತಾಳೆ ಬಣ್ಣ. ಚಿತ್ರ ಬಿಡಿಸುವ ಅಕ್ರಿಲಿಕ್‌ನಲ್ಲಿ ಚಿನ್ನದ ಬಣ್ಣ ಒಂದು, ಕಂದು ಒಂದು, 120 ರೂಪಾಯಿ. ಚಿನ್ನ ಎರಡು ಕೋಟ್ ಹೊಡೆದು, ಕಂದನ್ನು ನೀರು ನೀರು ಮಾಡಿ ಹಚ್ಚಿ ಕೂಡ್ಲೆ ಒರೆಸಿದ್ರೆ ಮೂಲೆಯಲ್ಲಿ ಮಾತ್ರ ಉಳೀತದೆ, ಹಳೆ ದೀಪದ ಬುಡದಲ್ಲಿ ಕಿಲುಬು ಇರುವ ಹಾಗೆ. ಗೆರೆ ನೇರ ಬರ್ಲಿಕ್ಕೆ ಮಾಸ್ಕಿಂಗ್ ಟೇಪ್ ಹಾಕಿದ್ದು ಒಂದು ಕಡೆ ಪೆನ್ಸಿಲ್ ಪುಡಿಯನ್ನೇ ಎತ್ತಿತು, ಪುನಃ ತಿಕ್ಕಿದೆ. ಬುದ್ಧಿ ಇದ್ರೆ ಹಿತ್ತಾಳೆ ಮೊದಲು, ಪೆನ್ಸಿಲ್ ಆಮೇಲೆ ಮಾಡ್ಬೇಕು.

ಕ್ಲಿಯರ್ ಆಗಸ್ಟ್ 23ಕ್ಕೆ, ಮ್ಯಾಟ್, 340. ಚಮಚದಲ್ಲಿ ನೋಡಿದ್ದೆ, ದಪ್ಪ ಹೊಡೆದ್ರೆ ಕಬ್ಬಿಣ ಹೋಗಿ ಸ್ಲೇಟ್ ಆಗ್ತದೆ, ದೂರದಿಂದ ಎರಡು ಮಂಜು ಕೋಟ್ ಹೊಡೆದ್ರೆ ಮುಕ್ಕಾಲು ಹೊಳಪು ಉಳೀತದೆ, ಕೈಗೂ ಹಿಡಿಯುದಿಲ್ಲ. ಮೀಟರ್ 74. ಅರ್ಧ ಗಂಟೆ ಕಾದು 73 ಆದಾಗ ಹೊಡೆದೆ. ಒಳಬದಿಗೆ ಸ್ಪಂಜ್ ಅಂಟಿಸಿ, ಸ್ಪಂಜಿನ ಮೇಲೆ ಹತ್ತಿ ಬಟ್ಟೆ ಹಾಕಿದೆ, ತಲೆಯ ಎಣ್ಣೆ ಬಟ್ಟೆಗೆ ಹೋಗ್ಲಿ ಅಂತ.

ಖರ್ಚು

ಪ್ರಿಂಟ್ 2,560. ಅಂಟು 200, ಎಮರಿ ಪೇಪರ್ 14 ಹಾಳೆಗೆ 280, ಪ್ರೈಮರ್ ಮೂರು ಕ್ಯಾನ್ 960, ಪುಟ್ಟಿ ಎರಡೂ ಸೇರಿ 390, ಸಿಲ್ವರ್ 290, ಕಪ್ಪು ಎರಡು ಕ್ಯಾನ್ 590, ಕ್ಲಿಯರ್ 340, ತೇವದ ಮೀಟರ್ 350, ಪೆನ್ಸಿಲ್ ಮತ್ತು ಅಕ್ರಿಲಿಕ್ 180, ಚಮಚ 20, ಮಾಸ್ಕ್ 550. ಪ್ರಿಂಟ್ ಬಿಟ್ಟು 4,150, ಎಲ್ಲ ಸೇರಿ 6,710. ಇದರಲ್ಲಿ ಎಣ್ಣೆಯ ಮೇಲೆ ಹೊಡೆದ ಎರಡು ಪ್ರೈಮರ್, ಸಿಲ್ವರ್, ಹೊಳಪಿನ ಕಪ್ಪು, ಒಟ್ಟು 1,210 ರೂಪಾಯಿ ನೀರಿಗೆ ಹಾಕಿದ ಹಾಗೆ. ಮೀಟರ್, ಮಾಸ್ಕ್ ಮುಂದಕ್ಕೂ ಬರ್ತದೆ.

ನಾಟಕದ ದಿನ ಮೂರನೇ ದೃಶ್ಯದಲ್ಲಿ ಹುಡುಗ ಕೋಟೆಯ ಬಾಗಿಲಿನಿಂದ ಬಗ್ಗಿ ಬರುವಾಗ ಮೊನೆ ಮೇಲಿನ ಅಡ್ಡಪಟ್ಟಿಗೆ ಬಡಿದು ಕಟ್ ಅಂತ ಶಬ್ದ ಬಂತು. ನನಗೆ ಕೂತಲ್ಲಿ ಕೂರ್ಲಿಕ್ಕೆ ಆಗ್ಲಿಲ್ಲ. ಅವ ನಿಲ್ಲಲೇ ಇಲ್ಲ, ಮಾತು ಪೂರ್ತಿ ಹೇಳಿದ, ಒಂದು ಅಕ್ಷರ ತಪ್ಪದೆ. ಆಮೇಲೆ ನೋಡಿದ್ರೆ ಮೊನೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಹೋಗಿದೆ, ಅಂಚಲ್ಲಿ ಕಪ್ಪು, ಅದರ ಕೆಳಗೆ ಬೂದು, ನಡುವಲ್ಲಿ ಬಿಳಿ ಪ್ಲಾಸ್ಟಿಕ್. ಸುತ್ತಲಿನ ಬಣ್ಣ ಎದ್ದಿಲ್ಲ, ಉಗುರಲ್ಲಿ ಎಬ್ಬಿಸಿ ನೋಡಿದೆ, ಬರುದಿಲ್ಲ. ಇವತ್ತು ಬೆಳಿಗ್ಗೆ ಐಸೋಪ್ರೊಪೈಲ್ ಒರೆಸಿ, ಕಡ್ಡಿ ತುದಿಯಲ್ಲಿ ಒಂದು ಬೊಟ್ಟು ಕಪ್ಪು ಇಟ್ಟಿದ್ದೇನೆ. ಮೀಟರ್ ಈಗ 88 ಉಂಟು, ನಾಳೆ ಪೆನ್ಸಿಲ್ ತಿಕ್ಕುದು.